ಕಸುಬಿನ ಮನೆಯಲ್ಲಿ ಕಲಾವಿದರು

ಹೊಸ ಹೋಟೆಲುಗಳ ಗೋಡೆಯ ಮೇಲೆ ಇವತ್ತು ವಾರ್ಲಿ ಆಕೃತಿಗಳು ಸಾಲಾಗಿ ಕುಣಿಯುತ್ತಿರುತ್ತವೆ. ಕಸೂತಿಯ ಗೋಪುರ ಯಂತ್ರದಲ್ಲಿ ಅಚ್ಚಾಗಿ ದಿಂಬಿನ ಕವರಿನ ಮೇಲೆ ಬಂದು ಕೂತಿರುತ್ತದೆ. ಜನಪದ ಕರಕುಶಲದಿಂದ ಸ್ಫೂರ್ತಿ ಪಡೆದದ್ದು ಎಂಬ ಚೀಟಿಯೂ ಜೊತೆಗಿರುತ್ತದೆ. ಸ್ಫೂರ್ತಿ ಎಂದರೆ ಇಷ್ಟೇ ಆಗಿದ್ದರೆ ಅದರ ಬಗ್ಗೆ ಬರೆಯುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ. ಆದರೆ ಕಳೆದ ನೂರು ವರ್ಷಗಳಲ್ಲಿ ಭಾರತದ ಕಲಾವಿದರು ಕುಂಬಾರರ, ಕಂಚುಗಾರರ, ನೇಕಾರರ ಮನೆಬಾಗಿಲಿಗೆ ಮತ್ತೆ ಮತ್ತೆ ಹೋಗಿದ್ದಾರೆ. ಕೆಲವರು ಅಲ್ಲಿಂದ ಚಿತ್ತಾರಗಳನ್ನು ಎತ್ತಿಕೊಂಡು ಬಂದರು, ಇನ್ನು ಕೆಲವರು ಕೆಲಸ ಮಾಡುವ ಕ್ರಮವನ್ನೇ ಕಲಿತು ಬಂದರು. ಕಾಲಕ್ಕೆ ನಿಂತದ್ದು ಎರಡನೆಯವರ ಕೆಲಸ ಎಂಬುದು ಈ ಲೇಖನದ ವಾದ.

ಕಲಾವಿದ ಮತ್ತು ಕಸುಬುದಾರನ ನಡುವಿನ ಅಗಲಿಕೆ ಹುಟ್ಟಿದ್ದೇ ಶಾಲೆಗಳಲ್ಲಿ. 1850ರ ದಶಕದಲ್ಲಿ ಮದ್ರಾಸು, ಕಲ್ಕತ್ತ, ಮುಂಬಯಿಗಳಲ್ಲಿ ಕಲಾಶಾಲೆಗಳು ತೆರೆದವು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಭಾರತದ ಬಟ್ಟೆ, ಲೋಹದ ಸಾಮಾನುಗಳನ್ನು ಕಂಡು ಅಲ್ಲಿನವರು ಬೆರಗಾಗಿದ್ದ ಕಾಲ ಅದು. ದೇಶೀ ಕಸುಬನ್ನು ಸುಧಾರಿಸುತ್ತೇವೆಂದು ಹೊರಟ ಶಾಲೆಗಳಲ್ಲಿ ಹುಡುಗರು ಕೂತು ಬರೆದದ್ದು ಮಾತ್ರ ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ನಕಲುಗಳನ್ನು. ಮದ್ರಾಸಿನ ಶಾಲೆಯಲ್ಲಿದ್ದು 1896ರಲ್ಲಿ ಕಲ್ಕತ್ತದ ಶಾಲೆಗೆ ಮುಖ್ಯಸ್ಥರಾಗಿ ಹೋದ ಇ.ಬಿ. ಹ್ಯಾವೆಲ್ ಇದನ್ನು ಪ್ರಶ್ನಿಸಿದರು. ಆನಂದ ಕುಮಾರಸ್ವಾಮಿ 1909ರಲ್ಲಿ ಭಾರತೀಯ ಕುಶಲಕರ್ಮಿಯ ಬಗ್ಗೆ ಪುಸ್ತಕವನ್ನೇ ಬರೆದರು. ಸ್ವದೇಶಿ ಚಳವಳಿಯ ದಿನಗಳಿಗೆ ಇಂಥ ಬರಹ ಬೇಕಾಗಿಯೂ ಇತ್ತು. ಆದರೆ ಅದರಲ್ಲಿ ಕುಶಲಕರ್ಮಿ ಬಹುಮಟ್ಟಿಗೆ ಒಬ್ಬ ಋಷಿ. ಪೂಜೆಗೆ ಯೋಗ್ಯ, ಪಕ್ಕದಲ್ಲಿ ಕೂತು ಕೆಲಸ ಕಲಿಯುವುದಕ್ಕೆ ಸ್ವಲ್ಪ ದೂರ.

ಇಲ್ಲಿ ಯಾರಾದರೂ ಜಾಮಿನಿ ರಾಯ್ ಹೆಸರೆತ್ತಿ ತಕರಾರು ತೆಗೆಯಬಹುದು. ಕಾಳಿಘಾಟಿನ ಪಟಗಳ ದಪ್ಪ ಗೆರೆ, ಮೀನಿನಾಕಾರದ ಕಣ್ಣು ಇವೇ ಅಲ್ಲವೇ ಅವರ ಬಂಡವಾಳ, ಚಿತ್ತಾರ ತಂದೂ ಗೆದ್ದವರಲ್ಲವೇ ಎಂದು. ಕಣ್ಣಿಗೆ ಮೊದಲು ಬೀಳುವುದು ಅದೇ, ನಿಜ. ಆದರೆ ಎಣ್ಣೆವರ್ಣದಲ್ಲಿ ಪಳಗಿದ್ದ ಈ ಚಿತ್ರಕಾರ ತೈಲ, ಕ್ಯಾನ್ವಾಸ್ ಎರಡನ್ನೂ ಬಿಟ್ಟರು. ಮಣ್ಣು ಮತ್ತು ಖನಿಜದ ಬಣ್ಣಗಳನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ, ಬಟ್ಟೆ, ಹಲಗೆ, ಚಾಪೆಗಳ ಮೇಲೆ ಬರೆದರು. ಒಂದೇ ಚಿತ್ರವನ್ನು ಹಲವು ಸಲ ಬರೆಯುವುದಕ್ಕೆ ನಾಚಲಿಲ್ಲ. ಮನೆಯವರನ್ನು ಕೆಲಸಕ್ಕೆ ಸೇರಿಸಿಕೊಂಡರು, ಬೆಲೆಯನ್ನು ಸಾಮಾನ್ಯ ಗೃಹಸ್ಥನ ಕೈಗೆಟಕುವಂತೆ ಇಟ್ಟರು. ಅಂದರೆ ಪಟ ಬರೆಯುವ ಪಟುವಾನ ಅಂಗಡಿಯನ್ನೇ ಅವರು ಕಲ್ಕತ್ತದ ತಮ್ಮ ಮನೆಯಲ್ಲಿ ಹೂಡಿದ್ದರು. ಅವರ ಕಣ್ಣು ಮತ್ತು ಗೆರೆಯನ್ನಷ್ಟೇ ನಕಲು ಮಾಡಿದವರ ಚಿತ್ರಗಳು ಇವತ್ತು ಶುಭಾಶಯ ಪತ್ರಗಳಲ್ಲಿವೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆಂದು ಗಾಂಧೀಜಿಯ ಕೋರಿಕೆಯಂತೆ ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಸಂಗಡಿಗರು ಸಿದ್ಧಪಡಿಸಿದ ಫಲಕಗಳ ಗುಟ್ಟೂ ಇಂಥದ್ದೇ. ಸುಮಾರು 400 ಫಲಕಗಳನ್ನು ಬೇಗ ಮುಗಿಸಬೇಕಿತ್ತು, ಹತ್ತಾರು ಕೈಗಳು ಸೇರಬೇಕಿತ್ತು. ಅವುಗಳ ಬಿರುಸಿನ ಗೆರೆ ಬಂದದ್ದು ಈ ಒತ್ತಡದಿಂದ.

ಸ್ವಾತಂತ್ರ್ಯಾನಂತರ ಸರ್ಕಾರವೇ ಈ ನಂಟಿಗೆ ಕಟ್ಟಡ, ಸಂಬಳ ಕೊಟ್ಟಿತು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಮುನ್ನಡೆಸಿದರು. ಪುಪುಲ್ ಜಯಕರ್ ಅವರ ಒತ್ತಾಸೆಯಿಂದ ನೇಕಾರರ ಸೇವಾ ಕೇಂದ್ರಗಳು ಶುರುವಾಗಿ ಕೆ.ಜಿ. ಸುಬ್ರಮಣ್ಯನ್, ಪ್ರಭಾಕರ ಬರ್ವೆಯಂಥವರು ಅಲ್ಲಿ ನೌಕರಿ ಮಾಡಿದರು. ಕಲಾವಿದ ನಕ್ಷೆ ಕೊಡುವುದು, ನೇಕಾರ ನೇಯುವುದು ಎಂಬ ಲೆಕ್ಕ ಮಗ್ಗದ ಮುಂದೆ ಬಹಳ ದಿನ ನಡೆಯುವುದಿಲ್ಲ. ಹಾಸು ಹೊಕ್ಕು ಎರಡೂ ಅಡ್ಡ–ನೇರ ಓಡುವಲ್ಲಿ ಓರೆಗೆರೆಯೊಂದನ್ನು ತರಬೇಕಾದರೆ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆಯಬೇಕು. ಆಗ ತಿದ್ದಿಕೊಳ್ಳಬೇಕಾದದ್ದು ಕಾಗದದ ಮೇಲಿನ ನಕ್ಷೆಯೇ. ಲಖನೌದ ರವೀಂದ್ರಾಲಯದ ಗೋಡೆಗೆ ಸುಬ್ರಮಣ್ಯನ್ 1963ರಲ್ಲಿ ಮಾಡಿದ 81 ಅಡಿ ಉದ್ದದ ಸುಟ್ಟಮಣ್ಣಿನ ಭಿತ್ತಿಯನ್ನು ನೋಡಿದರೆ ಬಿಡಿಬಿಡಿ ತುಣುಕುಗಳಿಂದ ಇಡಿಯಾದದ್ದನ್ನು ಕಟ್ಟುವ ಈ ಬುದ್ಧಿ ಕಾಣುತ್ತದೆ. ಮದ್ರಾಸಿನ ಬಳಿ 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ ಹುಟ್ಟಿದ ಚೋಳಮಂಡಲ ಕಲಾಗ್ರಾಮದ ಕಲಾವಿದರಂತೂ ಬಾಟಿಕ್ ಬಟ್ಟೆ, ಲೋಹದ ಸಾಮಾನು ಮಾರಿಯೇ ಹೊಟ್ಟೆ ಹೊರೆದರು. ‘ಸಂಸ್ಕಾರ’ ಚಿತ್ರದ ಕಲಾನಿರ್ದೇಶಕರೆಂದು ಕನ್ನಡಿಗರು ಬಲ್ಲ ಎಸ್.ಜಿ. ವಾಸುದೇವ್ ಆ ಗುಂಪಿನವರು. ತಾಮ್ರದ ತಗಡಿನ ಉಬ್ಬುಶಿಲ್ಪಗಳಿಗೂ ಅವರಿಗೂ ನಂಟು ಬೆಳೆದದ್ದು ಅಲ್ಲೇ.

ಕಲಿಯುವುದು ಎಂಬ ಮಾತಿಗೆ ಪೂರ್ತಿ ತಲೆಬಾಗಿದವರು ಮೀರಾ ಮುಖರ್ಜಿ. 1950ರ ದಶಕದಲ್ಲಿ ಮ್ಯೂನಿಕ್‌ನಲ್ಲಿ ಓದಿ ಬಂದ ಈಕೆ ಬಸ್ತಾರಿನ ಘಡವಾ ಎರಕದವರ ಬಳಿ ಶಿಷ್ಯೆಯಾಗಿ ಕೂತರು. ಅಲ್ಲಿ ಮೊದಲು ಮಣ್ಣಿನ ಒಳಗಟ್ಟು, ಅದರ ಮೇಲೆ ಜೇನುಮೇಣದ ಸಣ್ಣ ಎಳೆಗಳನ್ನು ಶಾವಿಗೆಯ ಹಾಗೆ ಹೊಸೆದು ಸುತ್ತುತ್ತಾರೆ. ಮೇಲೆ ಮತ್ತೆ ಮಣ್ಣು ಮೆತ್ತಿ ಬೆಂಕಿಗಿಟ್ಟರೆ ಮೇಣ ಕರಗಿ ಹೋಗಿ, ಅದರ ಜಾಗಕ್ಕೆ ಕಾದ ಹಿತ್ತಾಳೆ ಇಳಿಯುತ್ತದೆ. ಅಚ್ಚು ಒಡೆದೇ ವಿಗ್ರಹ ತೆಗೆಯಬೇಕಾದ್ದರಿಂದ ಅದೇ ಅಚ್ಚಿನಲ್ಲಿ ಎರಡನೆಯದು ಹುಟ್ಟುವುದಿಲ್ಲ. ಪಾಶ್ಚಾತ್ಯ ಕಮ್ಮಟದಲ್ಲಿ ಉಜ್ಜಿ ಅಳಿಸಿಬಿಡುವ ಎಳೆಯ ಗುರುತನ್ನು ಮೀರಾ ಉಳಿಸಿಕೊಂಡರು, ಹಿಗ್ಗಿಸಿದರು. ದೆಹಲಿಯ ಹೋಟೆಲೊಂದರಲ್ಲಿರುವ ‘ಕಲಿಂಗದಲ್ಲಿ ಅಶೋಕ’ ಆಳೆತ್ತರ ಮೀರಿದ ಶಿಲ್ಪ. ಬಸ್ತಾರಿನ ಯಾವ ವಿಗ್ರಹವನ್ನೂ ಅದು ಹೋಲುವುದಿಲ್ಲ. ಮೈಮೇಲಿನ ಗೆರೆಗಳಲ್ಲಿ ಮಾತ್ರ ಘಡವಾನ ಬೆರಳಿದೆ.

ಕಸುಬು ಎಂದರೆ ಕಂಠಪಾಠ, ಹೇಳಿಕೊಟ್ಟದ್ದನ್ನು ಹಾಗೆಯೇ ಮಾಡುವುದು, ಅದರಿಂದ ಹೊಸತು ಹುಟ್ಟುವುದು ಹೇಗೆ ಎಂಬ ಸಂದೇಹವೊಂದಿದೆ. ಬೀದರಿನ ಬಿದರಿಯನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿಯ ಮೈಯನ್ನು ಅರದಿಂದ ತಿಕ್ಕಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀರಿದ ಗೆರೆ ಕಾಣಲಿ ಎಂದು. ಬಳ್ಳಿಯನ್ನು ಬರಿಗೈಯಲ್ಲೇ ಗೀರಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನು ಆ ಗೀರಿಗೆ ಬಡಿದು ಕೂಡಿಸುತ್ತಾರೆ. ಉಜ್ಜಿದ ಮೇಲೆ ಎಲ್ಲ ಒಂದೇ ಬೂದು ಬಣ್ಣ, ಬೆಳ್ಳಿ ಎಲ್ಲಿ ಸತು ಎಲ್ಲಿ ಎಂದು ತಟ್ಟನೆ ಹೇಳಲಾಗದು. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಪಾತ್ರೆಗೆ ಹಚ್ಚಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕ್ರಮ ಬದಲಾಗದು ನಿಜ, ಆದರೆ ಹೂಜಿಯ ಕೊರಳು ಕಿರಿದಾಗುವಲ್ಲಿ ಬಳ್ಳಿಯನ್ನು ಹೇಗೆ ಮಡಚಬೇಕು, ಉಳಿ ಎಷ್ಟು ಆಳಕ್ಕೆ ಹೋದರೆ ತಂತಿ ನಿಲ್ಲುತ್ತದೆ ಎಂಬ ತೀರ್ಮಾನ ಪ್ರತಿ ಸಲವೂ ಹೊಸದೇ. ಸ್ಟುಡಿಯೋದಲ್ಲಿ ಎಲ್ಲ ಸ್ವಾತಂತ್ರ್ಯವೂ ಇದ್ದು ದಿಕ್ಕು ತೋಚದೆ ಕೂತವರಿಗೆ ಇಂಥ ಕಟ್ಟುಪಾಡೇ ಹಲವು ಸಲ ದಾರಿ ತೋರಿಸಿದೆ.

ಆಮೇಲಿನ ತಲೆಮಾರಿನಲ್ಲಿ ಚಿತ್ತಾರದ ಕುರುಹೂ ಉಳಿಯಲಿಲ್ಲ. ಬರೋಡದಲ್ಲಿ ಸುಬ್ರಮಣ್ಯನ್ ಅವರ ಶಿಷ್ಯೆಯಾಗಿದ್ದ ಮೃಣಾಲಿನಿ ಮುಖರ್ಜಿ 1970ರ ದಶಕದಿಂದ ನಾರಿನ ಹಗ್ಗಕ್ಕೆ ಗಂಟು ಹಾಕುತ್ತಾ ಹೋಗಿ ದೇವತೆಯೋ ಗಿಡವೋ ತಿಳಿಯದ ದೈತ್ಯ ಆಕಾರಗಳನ್ನು ಎಬ್ಬಿಸಿದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರಕಲೆ ಕಲಿತವರು. 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರಗಳ ಕಡೆ ಹೊರಳಿದರು. ಸೂಜಿಗಳಿಗೆ ಪೋಣಿಸಿದ ಉದ್ದನೆಯ ದಾರಗಳನ್ನು ಒಟ್ಟುಗೂಡಿಸಿ, ಅಂಟು ಕುಂಕುಮ ಬಳಿದು ಕರುಳಿನಂಥ ಕೆಂಪು ಹಗ್ಗ ಮಾಡಿ ಗೋಡೆ, ನೆಲಗಳಲ್ಲಿ ಹರಿಯಬಿಟ್ಟ ಕೃತಿ ಅವರದು. 2009ರ ವೆನಿಸ್ ಬಿಯೆನಾಲೆಯಲ್ಲಿ ಕಾರಿನ ಬಂಪರುಗಳನ್ನು ಕೂದಲಿನ ಹಗ್ಗದಲ್ಲಿ ತೂಗುಹಾಕಿದರು. ದೃಷ್ಟಿ ತಾಗದಿರಲೆಂದು ನಮ್ಮ ಊರುಗಳಲ್ಲಿ ವಾಹನಕ್ಕೆ ಕಟ್ಟುವ ಹಗ್ಗವದು. ಇಲ್ಲಿ ಅಲಂಕಾರ ಒಂದಿಷ್ಟೂ ಇಲ್ಲ. ಇರುವುದು ಹೊಸೆಯುವ, ಪೋಣಿಸುವ ಶ್ರಮ ಮಾತ್ರ, ಹೆಚ್ಚಾಗಿ ಹೆಂಗಸರು ಯಾರೂ ಲೆಕ್ಕಕ್ಕೆ ಹಿಡಿಯದೆ ಮಾಡುವಂಥದ್ದು.

ಉಳಿದಿರುವ ಆಕ್ಷೇಪ ಎಲ್ಲಕ್ಕಿಂತ ಭಾರವಾದದ್ದು. ಕಲಿತವನಿಗೆ ಹೆಸರು, ಕಲಿಸಿದವನಿಗೆ ಕೂಲಿ. ವಿಧಾನ ಕಲಿತರೆ ಈ ಅನ್ಯಾಯ ತಾನಾಗಿ ತಪ್ಪುತ್ತದೆ ಎಂದು ನಾನು ಹೇಳಲಾರೆ; ಚಿತ್ತಾರ ಕದಿಯುವುದಕ್ಕಿಂತ ಅದು ಆಳದ ಕಳವೂ ಆಗಬಹುದು. 1982ರಲ್ಲಿ ಭೋಪಾಲದ ಕಲಾಕೇಂದ್ರ ಭಾರತ ಭವನ ತೆರೆದಾಗ ಚಿತ್ರಕಾರ ಜೆ. ಸ್ವಾಮಿನಾಥನ್ ಆದಿವಾಸಿ ಕಲೆಯನ್ನು ನಗರದ ಕಲೆಯ ಸಮಸಮಕ್ಕೆ ಇಟ್ಟರು. ಅವರ ತಂಡ ಪಾಟನ್‌ಗಢದಲ್ಲಿ ಕಂಡುಹಿಡಿದ ಗೊಂಡ ಯುವಕ ಜನ್‌ಗಢ ಸಿಂಗ್ ಶ್ಯಾಮ್, ಮಣ್ಣುಗೋಡೆಯಿಂದ ಕಾಗದಕ್ಕೆ ಬಂದು, 1989ರ ಹೊತ್ತಿಗೆ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಪ್ರದರ್ಶನ ತಲುಪಿದರು. 2001ರಲ್ಲಿ ಜಪಾನಿನ ವಸ್ತುಸಂಗ್ರಹಾಲಯವೊಂದಕ್ಕೆ ಕೆಲಸಕ್ಕೆ ಹೋಗಿದ್ದಾಗ ಅಲ್ಲೇ ಪ್ರಾಣ ಕಳೆದುಕೊಂಡರು. ಸಮಾನತೆ ಗೋಡೆಯ ಮೇಲೆ ಸಿಕ್ಕಷ್ಟು ಸುಲಭವಾಗಿ ಕರಾರುಪತ್ರದಲ್ಲಿ ಸಿಗುವುದಿಲ್ಲ. ಆದರೂ ಜನ್‌ಗಢರ ನಂತರ ಅವರ ಬಂಧುಬಳಗದ ಹಲವರು ಭೋಪಾಲದಲ್ಲಿ ಚಿತ್ರ ಬರೆಯುತ್ತಿದ್ದಾರೆ. ಆ ಶೈಲಿಗೆ ಜನ್‌ಗಢ ಕಲಮ್ ಎಂದು ಒಬ್ಬ ವ್ಯಕ್ತಿಯ ಹೆಸರೇ ನಿಂತಿದೆ. ಬೆಂಗಳೂರಿನಲ್ಲಿ ವಾಸುದೇವ್ ತಮ್ಮ ಚಿತ್ರಗಳನ್ನು ರೇಷ್ಮೆಯಲ್ಲಿ ನೇಯಿಸಿದಾಗಲೆಲ್ಲ ನೇಕಾರ ಸುಬ್ಬರಾಯುಲು ಅವರ ಹೆಸರನ್ನೂ ಜೊತೆಗೆ ಹೇಳುತ್ತಾ ಬಂದಿದ್ದಾರೆ. ಬಿದರಿ ಕುಶಲಕರ್ಮಿ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ಹೆಸರಿಗೆ ಬಂದದ್ದು ಸರಿ. ಗ್ಯಾಲರಿಯ ಬೆಲೆಪಟ್ಟಿಯಲ್ಲಿ ಆ ಹೆಸರುಗಳು ಇನ್ನೂ ಅಪರೂಪ.