ವಂಶವೃಕ್ಷದಲ್ಲಿ ಕಾಣದ ಮುತ್ತಜ್ಜಿ

ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಒಂದು ಹೋಬಳಿ ಕೇಂದ್ರ. ತೆಂಗಿನ ಸೀಮೆಯ ಇತರ ಹೋಬಳಿಗಳಂತೆ ಇಲ್ಲಿಯೂ ಜನ ನಾಡಕಚೇರಿಗೆ ಅಲೆಯುವ ಕಾರಣಗಳಲ್ಲಿ ಒಂದು 'ವಂಶವೃಕ್ಷ'. ಮನೆಯ ಹಿರಿಯರು ತೀರಿಕೊಂಡ ಮೇಲೆ ಪೌತಿ ಖಾತೆಯಾಗಬೇಕು, ತೋಟ ಮಕ್ಕಳ ಹೆಸರಿಗೆ ಬರಬೇಕು. ಅದಕ್ಕೆ ಈ ಕಾಗದ ಬೇಕು. ಬರೆಯಲು ಕುಳಿತಾಗ ತಾತನ ಹೆಸರು ತಟ್ಟನೆ ಬರುತ್ತದೆ. ಮುತ್ತಾತನ ಹೆಸರಿಗೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಪಕ್ಕದಲ್ಲಿ ನಿಂತ ಮಗಳು 'ಮುತ್ತಜ್ಜಿ ಹೆಸರೇನಪ್ಪಾ?' ಎಂದು ಕೇಳಿದರೆ ಅನೇಕ ಮನೆಗಳಲ್ಲಿ ಉತ್ತರವಿಲ್ಲ.

'ಬೆಂಗಳೂರಿನಲ್ಲಿ ಎಲ್ಲದಕ್ಕೂ ದಾಖಲೆ ಇರುತ್ತದೆ' ಎಂಬುದು ಹಳ್ಳಿಯವರ ಸಾಮಾನ್ಯ ನಂಬಿಕೆ. ಈ ನಂಬಿಕೆಯಿಂದಲೇ ಒಬ್ಬ ತಂದೆ, ಹೈಸ್ಕೂಲು ಓದುವ ಮಗಳನ್ನು ಕರೆದುಕೊಂಡು, ಎರಡು ದಿನದ ಮಟ್ಟಿಗೆ ರಾಜಧಾನಿಗೆ ಹೊರಟರು ಎಂದಿಟ್ಟುಕೊಳ್ಳೋಣ. ಅವರಿಗೆ ಅಲ್ಲಿ ಏನು ಸಿಕ್ಕೀತು, ಏನು ಸಿಗಲಾರದು?

ಅವರು ಹಿಡಿಯುವ ರೈಲಿನ ದಾರಿಯೇ ಈ ಸೀಮೆಯ ಕುಟುಂಬ ಚರಿತ್ರೆಯ ಒಂದು ಅಧ್ಯಾಯ. ಬೆಂಗಳೂರಿನಿಂದ ತುಮಕೂರಿಗೂ ಅಲ್ಲಿಂದ ಗುಬ್ಬಿಗೂ 1884ರಲ್ಲಿ ರೈಲು ಬಂತು. 1889ರ ಹೊತ್ತಿಗೆ ಹಳಿ ತಿಪಟೂರನ್ನು ದಾಟಿ ಹರಿಹರ ಮುಟ್ಟಿತು. ಈ ಹಳಿಯ ಮೇಲೆ ಹೊರಗೆ ಹೋದದ್ದು ಕೊಬ್ಬರಿ ಮಾತ್ರವಲ್ಲ. ಓದಲು ಹೋದವರು, ಗುಮಾಸ್ತಗಿರಿಗೆ ಹೋದವರು, ಹೋಟೆಲು ಕೆಲಸಕ್ಕೆ ಹೋದವರು ಎಲ್ಲರೂ ಹೋದರು. ಹೀಗಾಗಿ ತೆಂಗಿನ ಸೀಮೆಯ ಎಷ್ಟೋ ಮನೆತನಗಳ ಒಂದು ಕೊಂಬೆ ಊರಿನಲ್ಲಿದ್ದರೆ ಇನ್ನೊಂದು ಬೆಂಗಳೂರಿನಲ್ಲಿದೆ.

ಮೊದಲು ಹೋಗಬೇಕಾದ ಜಾಗ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಗ್ರಂಥಾಲಯ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಇಲ್ಲಿ ಕೇಳಬೇಕಾದ ಪುಸ್ತಕ 'ಎಪಿಗ್ರಾಫಿಯಾ ಕರ್ನಾಟಿಕಾ'. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರಿಗೆ ಹೋಗಿ, ಹೋಗಿಸಿ, ಪಡಿಯಚ್ಚು ತೆಗೆಸಿ ಪ್ರಕಟಿಸಿದ ಸಂಪುಟಗಳಿವು. ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, 1904ರಲ್ಲಿ ಹೊರಬಂದದ್ದು. ತುರುವೇಕೆರೆ ಆಗ ತಿಪಟೂರು ತಾಲ್ಲೂಕಿಗೆ ಸೇರಿದ ಉಪತಾಲ್ಲೂಕಾಗಿತ್ತು. ಆದ್ದರಿಂದ ಆ ಕಡೆಯ ಊರುಗಳನ್ನು ತಿಪಟೂರಿನ ಭಾಗದಲ್ಲಿ ಹುಡುಕಬೇಕು. ಈ ಸಂಪುಟಗಳ ಪರಿಷ್ಕೃತ ಆವೃತ್ತಿಯ ಕೆಲಸವನ್ನು 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಕೈಗೊಂಡಿತು.

ಶಾಸನಗಳಲ್ಲಿ ಇರುವುದೇನು? ಯಾವ ಅರಸು ಆಳುತ್ತಿದ್ದ, ಯಾರು ಕೆರೆ ಕಟ್ಟಿಸಿದರು, ಯಾವ ದೇವರಿಗೆ ಎಷ್ಟು ಗದ್ದೆ ಬಿಟ್ಟರು, ಅದರ ಎಲ್ಲೆ ಯಾವುದು ಎಂಬುದು. ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಹದಿಮೂರನೆಯ ಶತಮಾನದಲ್ಲಿ, ತುರುವೇಕೆರೆ ಸುತ್ತ ದೇವಾಲಯಗಳು ಎದ್ದು ನಿಂತ ಹಿನ್ನೆಲೆ ಇಂಥ ಕಲ್ಲುಗಳಿಂದಲೇ ತಿಳಿಯುವುದು. ಊರಿನ ಚರಿತ್ರೆಗೆ ಇವು ಅಮೂಲ್ಯ. ಆದರೆ ಶಾಸನದ ಒಬ್ಬ ಗೌಡನಿಂದ ಇಂದಿನ ಮನೆಯವರೆಗೆ ಗೆರೆ ಎಳೆಯಲು ನಡುವೆ ಎಷ್ಟೋ ತಲೆಮಾರುಗಳ ಕಂದರವಿದೆ. ಊರಿನ ಹೆಸರಿನಿಂದ ಚರಿತ್ರೆ ಕಟ್ಟುವುದೂ ಅಪಾಯದ ಕೆಲಸ. ದಂಡು ಎಂದರೆ ಸೈನ್ಯ ನಿಜ. ಆದರೆ ಹಳೆಯ ದಾಖಲೆಯಲ್ಲಿ ಹೆಸರಿನ ರೂಪ ಹೇಗಿತ್ತೆಂದು ನೋಡದೆ 'ಇಲ್ಲಿ ಸೈನ್ಯ ಬೀಡುಬಿಟ್ಟಿತ್ತು' ಎಂದುಬಿಡುವುದು ಇತಿಹಾಸವಾಗದು.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಒಂದು ಕಲ್ಲನ್ನು ಇಲ್ಲಿ ನೆನೆಯಬೇಕು. ಅದು ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತ, 949-50ರ ಕಾಲದ ಶಾಸನ. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗ ಚೋಳರೊಡನೆ ಮಾಡಿದ ಯುದ್ಧದ ಹಿನ್ನೆಲೆ ಅದಕ್ಕಿದೆ. ಶೌರ್ಯ ತೋರಿದ ಮಣಲೆರನಿಗೆ 'ಏನು ಬೇಕು' ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ಸಾವಿರ ವರ್ಷ ಕಳೆದರೂ ಕಾಳಿಯ ಹೆಸರು ಉಳಿದಿದೆ. ಅದೇ ನಮ್ಮ ಊರುಗಳ ಮಾಸ್ತಿಕಲ್ಲುಗಳನ್ನು ನೋಡಿ: ಗಂಡನೊಡನೆ ಚಿತೆಯೇರಿದ ಹೆಣ್ಣಿನ ಗುರುತಾಗಿ ಬಳೆ ತೊಟ್ಟ ಕೈಯನ್ನು ಕೊರೆದಿರುತ್ತಾರೆ. ಎಷ್ಟೋ ಕಲ್ಲುಗಳ ಮೇಲೆ ಅವಳ ಹೆಸರೇ ಇಲ್ಲ.

ಎರಡನೆಯ ದಿನದ ಕೆಲಸ ರಾಜ್ಯ ಪತ್ರಾಗಾರದಲ್ಲಿ. ಹಳೆಯ ಮೈಸೂರು ಸರ್ಕಾರದ ಕಂದಾಯ, ಮುಜರಾಯಿ, ಶಿಕ್ಷಣ ಮೊದಲಾದ ಇಲಾಖೆಗಳ ಕಡತಗಳನ್ನು ಕಾಪಾಡುತ್ತಿರುವ ಕಚೇರಿ ಇದು. ಸರ್ಕಾರಿ ಕೆಲಸದ ದಿನವನ್ನೇ ನೋಡಿಕೊಂಡು ಹೋಗಬೇಕು. ಊರಿನ ಹೆಸರು, ಹಳೆಯ ತಾಲ್ಲೂಕು, ಅಂದಾಜು ಇಸವಿ ಕೈಯಲ್ಲಿರಬೇಕು. ಕೆರೆಯ ದುರಸ್ತಿ, ದೇವಸ್ಥಾನದ ತಸ್ತೀಕು, ಶಾಲೆಯ ಮಂಜೂರಾತಿ ಮುಂತಾದ ವ್ಯವಹಾರಗಳಲ್ಲಿ ಊರಿನವರು ಕೊಟ್ಟ ಅರ್ಜಿಯ ಸಹಿಗಳೋ ಹೆಬ್ಬೆಟ್ಟುಗಳೋ ಅದೃಷ್ಟವಿದ್ದರೆ ಕಣ್ಣಿಗೆ ಬೀಳುತ್ತವೆ. ಜನಗಣತಿಯಿಂದ ಹೆಸರು ಸಿಕ್ಕೀತೆಂದು ಕಾಯುವಂತಿಲ್ಲ. ಮೈಸೂರಿನಲ್ಲಿ ಮೊದಲ ಕ್ರಮಬದ್ಧ ಗಣತಿ ನಡೆದದ್ದು 1871ರಲ್ಲಿ. ಆದರೆ ವರದಿಗಳಲ್ಲಿ ಮುದ್ರಣವಾಗುವುದು ಅಂಕಿಗಳು, ಮನುಷ್ಯರ ಹೆಸರುಗಳಲ್ಲ.

ಹೆಸರುಗಳ ನಿಜವಾದ ಗಣಿ ಭೂದಾಖಲೆ. ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ, 1863ರಲ್ಲಿ, ಮೈಸೂರಿನಲ್ಲಿ ಕಂದಾಯದ ಮೋಜಣಿ ಆರಂಭವಾಯಿತು. ಸರ್ವೆ ನಂಬರು, ಟಿಪ್ಪಣಿ, ಆಕಾರಬಂದ್, ಪಹಣಿ ಎಂಬ ಮಾತುಗಳು ರೈತನ ಮನೆಮಾತಾದದ್ದು ಈ ವ್ಯವಸ್ಥೆಯಿಂದ. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗುವವರೆಗೆ ಇವುಗಳಲ್ಲಿ ಬಹುಪಾಲು ಶಾನುಭೋಗರ ಕೈಬರಹದಲ್ಲಿದ್ದವು. ಒಂದು ಸರ್ವೆ ನಂಬರನ್ನು ಹಿಡಿದು ಹಿಂದಕ್ಕೆ ನಡೆದರೆ ಮಗ, ಅಪ್ಪ, ತಾತ ಎಂದು ಮೂರು ನಾಲ್ಕು ತಲೆಮಾರು ಸಿಗುವುದುಂಟು. ವಿಶೇಷವೆಂದರೆ ಇದಕ್ಕೆ ಬೇಕಾದ ಪುಸ್ತಕಗಳು ಹೆಚ್ಚಾಗಿ ಇರುವುದು ರಾಜಧಾನಿಯಲ್ಲಲ್ಲ, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ. ಊರು ಬಿಟ್ಟು ಇಷ್ಟು ದೂರ ಬಂದದ್ದು ತುರುವೇಕೆರೆಗೆ ಹೋಗಬೇಕೆಂದು ತಿಳಿಯಲು!

ಭೂಮಿಯ ಬೆನ್ನು ಹತ್ತಿದ ಚರಿತ್ರೆಗೆ ಒಂದು ದೊಡ್ಡ ಊನವಿದೆ. ಭೂಮಿ ಇಲ್ಲದವರು ಅದರಲ್ಲಿ ಇಲ್ಲ. ಗೇಣಿಗೆ ಉತ್ತವರ ಹೆಸರು ಅನೇಕ ಕಡೆ ಗಟ್ಟಿಯಾಗಿ ಕಾಗದ ಹತ್ತಿದ್ದು 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ, ಭೂ ನ್ಯಾಯಮಂಡಳಿಗೆ ಕೊಟ್ಟ ಏಳನೆಯ ನಮೂನೆಯ ಅರ್ಜಿಗಳಲ್ಲಿ. ತೋಟಿ, ತಳವಾರ, ನೀರಗಂಟಿ ಮೊದಲಾದವರ ಮನೆತನಗಳ ಸುಳಿವು ಅವರ ಇನಾಂ ಜಮೀನಿನ ಕಡತಗಳಲ್ಲಿ ಸಿಗಬಹುದು. ಬರೀ ಕೂಲಿಯಿಂದ ಬದುಕಿದ ಮನೆಗೆ ಅಷ್ಟೂ ಇಲ್ಲ. ಇನ್ನು ಹೆಣ್ಣುಮಕ್ಕಳು, ವಿಧವೆಯಾಗಿ ಖಾತೆದಾರಳಾದಾಗ ಹೊರತು, ಈ ಪುಸ್ತಕಗಳಲ್ಲಿ ಕಾಣುವುದು ಅಪರೂಪ.

ನಮ್ಮ ಹೆಸರುಗಳೇ ಈ ಮಾತಿಗೆ ಸಾಕ್ಷಿ. ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ ಬಿ.ಎಂ.ಶ್ರೀ ಸ್ಮಾರಕ ಪ್ರತಿಷ್ಠಾನವಿದೆ. ಹಸ್ತಪ್ರತಿಗಳನ್ನೂ ಹಳೆಯ ಪುಸ್ತಕಗಳನ್ನೂ ಕೂಡಿಟ್ಟ ಈ ಸಂಸ್ಥೆ, ಊರಿಗೆ ಮರಳುವ ಮುನ್ನ ತಂದೆ ಮಗಳು ನೋಡತಕ್ಕ ಸ್ಥಳ. 'ಇಂಗ್ಲಿಷ್ ಗೀತಗಳು' ಬರೆದು ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಶ್ರೀಕಂಠಯ್ಯನವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನದೇ ಆದ ಸಂಪಿಗೆಯಲ್ಲಿ. ಅದು ತಾಯಿ ಭಾಗೀರಥಮ್ಮನವರ ತವರು. ಆದರೆ ಅವರ ಹೆಸರಿನ 'ಬಿ' ಎಂದರೆ ಬೆಳ್ಳೂರು, 'ಎಂ' ಎಂದರೆ ತಂದೆ ಮೈಲಾರಯ್ಯ. ಹುಟ್ಟಿದ ಊರಿಗೂ ಹೆತ್ತ ತಾಯಿಗೂ ಆ ಎರಡು ಅಕ್ಷರಗಳಲ್ಲಿ ಎಡೆಯಿಲ್ಲ. ಇದು ಅವರೊಬ್ಬರ ಮಾತಲ್ಲ. ಊರಿನ ಹೆಸರು, ತಂದೆಯ ಹೆಸರು ಸೇರಿಸಿ ಹೆಸರಿಡುವ ಹಳೆಯ ಮೈಸೂರಿನ ಪದ್ಧತಿಯೇ ಅಂಥದು.

ಕಾಗದ ಬರುವುದಕ್ಕೆ ಮುನ್ನ ವಂಶದ ಲೆಕ್ಕ ಇಟ್ಟವರು ಯಾರು? ಅದು ಹೆಳವರ ಕಸುಬು. ಹೆಳವ ಎಂದರೆ ಕುಂಟ ಎಂದು ಅರ್ಥ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಊರಿಗೆ ಬರುವ ಇವರು ಮನೆಮನೆಯ ಮುಂದೆ ನಿಂತು ಆ ಮನೆತನದ ಕಥೆಯನ್ನೂ ಹಿಂದಿನವರ ಹೆಸರುಗಳನ್ನೂ ಹೇಳುತ್ತಿದ್ದರೆಂದು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹೇಳಿದ್ದಕ್ಕೆ ಮನೆಯವರು ಕಾಳುಕಡ್ಡಿ ಕೊಟ್ಟು ಕಳಿಸುತ್ತಿದ್ದರು. ಅವರ ಬಾಯಲ್ಲಿ ಮನೆತನ ಎಲ್ಲಿಂದ ಬಂತು, ಯಾಕೆ ಊರು ಬಿಟ್ಟಿತು ಎಂಬ, ಸರ್ವೆ ಪುಸ್ತಕಕ್ಕೆ ಗೊತ್ತಿಲ್ಲದ ಸಂಗತಿಗಳಿದ್ದವು. ಹೊಗಳಿಕೆಯ ಬಣ್ಣವೂ ಇದ್ದೀತು. ಅದನ್ನು ಸೋಸಿ ನೋಡುವುದು ಕೇಳುವವರ ಕೆಲಸ.

ಹೆಸರು ಸೇರುವುದು ಬಿಡುವುದು ಬರೀ ಅಭಿಮಾನದ ವಿಷಯವಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಅದಕ್ಕೆ ಮೊದಲೇ ಮದುವೆಯಾದವರು ಅದರ ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನಕ್ಕೆ ತಂದೆ ಬದುಕಿರಬೇಕಾದ್ದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹೀಗಿರುವಾಗ ವಂಶವೃಕ್ಷದಲ್ಲಿ 'ಮದುವೆಯಾಗಿ ಹೋದವಳು' ಎಂದು ಒಂದು ಕೊಂಬೆಯನ್ನು ಬಿಟ್ಟುಬಿಡುವುದು ಮರೆವೂ ಅಲ್ಲ, ಸಂಪ್ರದಾಯವೂ ಅಲ್ಲ. ಅದು ತಪ್ಪು ದಾಖಲೆ.

ಹಾಗಾದರೆ ಎರಡು ದಿನದ ಬೆಂಗಳೂರು ವ್ಯರ್ಥವಾಯಿತೇ? ಇಲ್ಲ. ನಗರದಲ್ಲಿ ಅರಸರ, ಊರಿನ, ಸರ್ಕಾರದ ಚರಿತ್ರೆ ಇದೆ. ಮನೆಯ ಚರಿತ್ರೆಯನ್ನು ಎಲ್ಲಿ ಕೇಳಬೇಕೆಂಬ ತಿಳಿವಳಿಕೆ ಅಲ್ಲಿಂದ ಸಿಗುತ್ತದೆ. ಅಮ್ಮಸಂದ್ರದಲ್ಲಿ ಇಳಿದು ಊರಿಗೆ ಬರುವ ಮಗಳ ನೋಟುಪುಸ್ತಕದಲ್ಲಿ ಉತ್ತರಗಳಿಗಿಂತ ಪ್ರಶ್ನೆಗಳೇ ಹೆಚ್ಚಾಗಿರುತ್ತವೆ. ಮನೆದೇವರು ಯಾವುದು, ಅದು ಯಾವ ಊರಿನಲ್ಲಿದೆ? ಅಜ್ಜಿಯ ತವರು ಎಲ್ಲಿ? ಮನೆಯಿಂದ ಹೊರಗೆ ಕೊಟ್ಟ ಹೆಣ್ಣುಮಕ್ಕಳು ಯಾವ ಯಾವ ಊರು ಸೇರಿದರು? ಕೆರೆ ಹಿಂದಿನ ತೆಂಗಿನ ಸಾಲು ಯಾರ ಕಾಲದಲ್ಲಿ ಇಟ್ಟದ್ದು, ಆ ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತವರು ಯಾರು?

ನಾಟಿ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ ಅರವತ್ತು ಎಪ್ಪತ್ತು ವರ್ಷ ಕಾಯಿ ಕೊಡುತ್ತದೆ. ಪಹಣಿಯಲ್ಲಿ ಅದು ತಾತನ ಮರ. ನೀರು ಹೊತ್ತವಳ ಹೆಸರು ಗೊತ್ತಿರುವ ಮುದುಕಿ ಒಬ್ಬಳು ಇಂದಿಗೂ ಯಾವುದೋ ಜಗಲಿಯ ಮೇಲೆ ಕುಳಿತಿರಬಹುದು. ಪತ್ರಾಗಾರ ಮುಂದಿನ ವರ್ಷವೂ ಇರುತ್ತದೆ. ಮೊದಲು ಹೋಗಿ ಕೇಳಬೇಕಾದದ್ದು ಅವಳನ್ನು.