ಕಸೂತಿ ಕಲೆ: ಹವ್ಯಾಸಿ ಕಲಿಕೆ ಹಾಗೂ ನೋಂದಣಿ ಕುರಿತು ಮಾಹಿತಿ

ವಿದ್ಯಾನಗರ ಸೇರಿದಂತೆ ಹುಬ್ಬಳ್ಳಿ-ಧಾರವಾಡದ ನಾಗರಿಕರು ಸ್ವಂತ ಉಪಯೋಗಕ್ಕಾಗಿ ಕಸೂತಿ ಕಲಿಯಲು ಯಾವುದೇ ಪರವಾನಗಿ ಅಥವಾ ಗುರುತಿನ ಚೀಟಿ ಪಡೆಯಬೇಕಾಗಿರುವುದಿಲ್ಲ.

ಕಲೆಯ ಸ್ವರೂಪ: ಇಳಕಲ್ ಸೀರೆಗಳ ಮೇಲೆ ರೂಢಿಯಲ್ಲಿರುವ ಈ ಕಲೆಯಲ್ಲಿ ಚಿತ್ರ ಬರೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿ ಗೋಪುರ, ತೇರು, ತುಳಸಿಕಟ್ಟೆ ಮುಂತಾದ ವಿನ್ಯಾಸಗಳನ್ನು ಹೊಲಿಯಲಾಗುತ್ತದೆ. ದಾರಕ್ಕೆ ಗಂಟು ಹಾಕುವುದಿಲ್ಲ.

ಹೊಲಿಗೆಯ ವಿಧಗಳು:
1. ಗವಂತಿ: ಹೋಗುವಾಗ ಬಿಟ್ಟ ಜಾಗವನ್ನು ಮರಳುವಾಗ ತುಂಬುವುದು, ಎರಡೂ ಬದಿ ಒಂದೇ ರೀತಿ ಕಾಣುತ್ತದೆ.
2. ಮುರ್ಗಿ: ಇದೇ ಕ್ರಮದ, ಮೆಟ್ಟಿಲಿನಾಕಾರದ ಹೊಲಿಗೆ.
3. ನೇಯ್ಗಿ: ನೇಯ್ದಂತೆ ಕಾಣುವ ಹೊಲಿಗೆ.
4. ಮೆಂತಿ: ಗುಣಾಕಾರ ಚಿಹ್ನೆಯಂತಹ ಹೊಲಿಗೆ.

ಆರಂಭಿಕರಿಗೆ ಸೂಚನೆ: ಎಳೆಗಳು ಸ್ಪಷ್ಟವಾಗಿ ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಗವಂತಿಯಿಂದ ಆರಂಭಿಸುವುದು ಸೂಕ್ತ. ಒಂದು ಎಳೆ ತಪ್ಪಿದರೂ ಮುಂದಿನ ವಿನ್ಯಾಸ ಕೂಡುವುದಿಲ್ಲವಾದ್ದರಿಂದ, ಕೂಡಲೇ ಬಿಚ್ಚಿ ಪುನಃ ಹೊಲಿಯತಕ್ಕದ್ದು.

ಮಾರಾಟ ಮಾಡುವವರ ಗಮನಕ್ಕೆ:
1. ಕಸೂತಿಯು ಭೌಗೋಳಿಕ ಸೂಚಕ ನೋಂದಣಿ ಹೊಂದಿರುತ್ತದೆ. ನೋಂದಾಯಿತ ಹೆಸರಿನಡಿ ಮಾರಾಟ ಮಾಡಲಿಚ್ಛಿಸುವವರು ಚೆನ್ನೈನ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳತಕ್ಕದ್ದು.
2. ಇದನ್ನೇ ಕಸುಬಾಗಿಸಿಕೊಂಡವರು ಕೇಂದ್ರ ಜವಳಿ ಸಚಿವಾಲಯದ ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯ ‘ಪೆಹಚಾನ್’ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು.
3. 2023ರಲ್ಲಿ 18 ವೃತ್ತಿಗಳೊಂದಿಗೆ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿ ಕಸೂತಿ ಸೇರಿರುವುದಿಲ್ಲ. ಅರ್ಜಿದಾರರು ಇದನ್ನು ಗಮನಿಸಿ ಮುಂದುವರಿಯಲು ಕೋರಲಾಗಿದೆ.