ಗಿಡ ನೆಟ್ಟ ಅಕ್ವೇರಿಯಂಗೆ ಯಾವ ಫಿಲ್ಟರ್? ಕೆಟ್ಟರೆ ಏನು ನೋಡಬೇಕು?

ಅಂಗಡಿ ಕೌಂಟರ್ ಪಕ್ಕ, ಮನೆ ಹಾಲ್‌ನಲ್ಲಿ ಗಿಡ ನೆಟ್ಟ ಮೀನಿನ ತೊಟ್ಟಿ ಇಡೋರು ಈಗ ಜಾಸ್ತಿಯಾಗಿದ್ದಾರೆ. ತಂದ ತಿಂಗಳೊಳಗೆ ಮೀನು ಸತ್ತರೆ ನೀರಿನ ಮೇಲೋ, ಮೀನು ಮಾರಿದವರ ಮೇಲೋ ದೂರು ಹೋಗುತ್ತೆ. ಹೆಚ್ಚಿನ ಸಲ ತಪ್ಪು ಇರೋದು ಫಿಲ್ಟರ್ ಬಳಸುವ ರೀತಿಯಲ್ಲಿ.

ಫಿಲ್ಟರ್ ಅಂದ್ರೆ ಕಸ ಹಿಡಿಯುವ ಜರಡಿ ಮಾತ್ರ ಅಲ್ಲ. ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸ್ಪಂಜಿನಲ್ಲೇ ಮನೆ ಮಾಡಿಕೊಂಡಿರುತ್ತವೆ. ಕೊನೆಗೆ ಉಳಿಯುವ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ಕೂರೋಕೆ ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಮೀನು ತುಂಬಿಸೋ ಆತುರ ಬೇಡ.

ನಾನೂ ಕಲಿತದ್ದು ಪೆಟ್ಟು ತಿಂದೇ. ಸ್ಪಂಜ್ ಕಪ್ಪಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ಬಿಳಿಯಾಗುವವರೆಗೆ ತೊಳೆದೆ. ಮೂರನೇ ದಿನ ಟೆಟ್ರಾಗಳು ಮೇಲೆ ಬಂದು ಬಾಯಿ ಬಿಡತೊಡಗಿದವು, ನಾಲ್ಕು ಉಳಿಯಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಂದಿತ್ತು. ಈಗ ತೊಟ್ಟಿಯಿಂದಲೇ ಒಂದು ಬಕೆಟ್ ನೀರು ತೆಗೆದು, ಅದರಲ್ಲಿ ಎರಡು ಸಲ ಹಿಂಡಿ ಬಿಡ್ತೀನಿ. ಕಂದು ಬಣ್ಣ ಉಳಿದರೆ ಉಳಿಯಲಿ.

ಕೊಳ್ಳುವಾಗ ಮೊದಲು ತೊಟ್ಟಿಯ ಅಳತೆ ನೋಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ 56 ಲೀಟರ್. ಮಣ್ಣು, ಕಲ್ಲು ಕಳೆದರೆ 45ರ ಹತ್ತಿರ ಅನ್ನಿ. ಗಂಟೆಗೆ ಅದರ ಐದು ಪಟ್ಟು ನೀರು ಓಡಿದರೆ ಸಾಕು, ಅಂದರೆ 225 ಲೀಟರ್. ಡಬ್ಬದ ಮೇಲಿನ ಅಂಕಿ ಸಾಮಾನ್ಯವಾಗಿ ಖಾಲಿ ಫಿಲ್ಟರಿನದು, ಸ್ಪಂಜ್ ತುಂಬಿದ ಮೇಲೆ ಕಡಿಮೆ ಆಗುತ್ತೆ. ಹಾಗಾಗಿ 300 ಅಂತ ಬರೆದಿರೋದು ತಗೊಳ್ಳಿ.

ಎರಡಡಿ ತೊಟ್ಟಿಗೆ, ಹತ್ತಾರು ಗಪ್ಪಿಗೆ ಏರ್ ಪಂಪಿನ ಸ್ಪಂಜ್ ಫಿಲ್ಟರ್ ಸಾಕು. ಐದು ವಾಟ್ ಪಂಪ್ ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಒಳಗೇ. ಆದರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟವರಿಗೆ ಇದು ಬೇಡ. ಗುಳ್ಳೆ ನೀರಿನ ಮೇಲ್ಮೈ ಕಲಕಿ ದುಡ್ಡು ಕೊಟ್ಟ ಗ್ಯಾಸನ್ನು ಗಾಳಿಗೆ ಬಿಡುತ್ತೆ. ಅಂಥವರಿಗೆ, ಮೂರಡಿ ಮೇಲಿನ ತೊಟ್ಟಿಗೆ, ಕೆಳಗಿಡುವ ಕ್ಯಾನಿಸ್ಟರ್ ಒಳ್ಳೇದು. ನಡುವಿನವರಿಗೆ ಗಾಜಿನ ಅಂಚಿಗೆ ನೇತುಹಾಕೋದು.

ಇನ್ನು ಕರೆಂಟ್ ಹೋದಾಗ. ನೇತುಹಾಕುವ ಫಿಲ್ಟರಿನ ನೀರು ಇಳಿದುಹೋಗಿದ್ದರೆ ಕರೆಂಟ್ ಬಂದಾಗ ಅದು ಬರೀ ಗುಂಯ್ ಅಂತ ಒಣಗಿ ಓಡುತ್ತೆ, ಒಂದು ಲೋಟ ನೀರು ಸುರಿಯಿರಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೇ ನುಗ್ಗಬಹುದು. ನಡುವೆ ಚೆಕ್ ವಾಲ್ವ್ ಹಾಕಿ. ಕ್ಯಾನಿಸ್ಟರ್ ಹಲವು ಗಂಟೆ ನಿಂತರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯಲು ಶುರುವಾಗುತ್ತೆ. ರಾತ್ರಿಯಿಡೀ ನಿಂತಿದ್ದರೆ ಒಳಗಿನ ಕೊಳೆತ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿ ನೀರಲ್ಲಿ ಹಿಂಡಿ ಆಮೇಲೆ ಆನ್ ಮಾಡಿ. ಹಾಗೇ ಸ್ವಿಚ್ ಹಾಕಿದರೆ ಆ ಗಲೀಜೆಲ್ಲ ಮೀನಿನ ಮೇಲೆ.

ನೀರಿನ ಹರಿವು ಕುಗ್ಗಿದರೆ ಮೊದಲು ಹೀರುವ ಬಾಯಿ ನೋಡಿ. ವ್ಯಾಲಿಸ್ನೇರಿಯಾ ಎಲೆ ಅಡ್ಡ ಕೂತಿರುತ್ತೆ. ಅಲ್ಲಿ ಸರಿ ಇದ್ದರೆ ಪೈಪ್, ಸ್ಪಂಜ್, ಕೊನೆಗೆ ಇಂಪೆಲ್ಲರ್. ಗಡಗಡ ಶಬ್ದ ಬಂದರೆ ಒಳಗೆ ಗಾಳಿ ಸೇರಿದೆ ಅಥವಾ ಮರಳು ಸಿಕ್ಕಿದೆ. ನಮ್ಮ ಬೋರ್‌ವೆಲ್ ನೀರಲ್ಲಿ ಇಂಪೆಲ್ಲರಿಗೆ ಬಿಳಿ ಸುಣ್ಣ ಕಟ್ಟೋದು ಮಾಮೂಲಿ. ಬಿಚ್ಚಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು ಕೂರಿಸಿ. ಕ್ಯಾನಿಸ್ಟರ್ ಸೋರಿದರೆ ಹೆಚ್ಚಾಗಿ ಮುಚ್ಚಳದ ರಬ್ಬರ್ ಉಂಗುರಕ್ಕೆ ಮರಳ ಕಾಳು ಸಿಕ್ಕಿರುತ್ತೆ. ಒರೆಸಿ, ಸಿಲಿಕಾನ್ ಗ್ರೀಸ್ ಹಚ್ಚಿ. ಕೈ ಹಾಕುವ ಮೊದಲು ಪ್ಲಗ್ ಕಿತ್ತಿರಬೇಕು. ವಯರ್ ಸಾಕೆಟ್‌ಗಿಂತ ಕೆಳಗೆ ಒಂದು ಸುತ್ತು ಇಳಿದು ಮೇಲೇರಲಿ, ಸೋರಿದ ಹನಿ ಪ್ಲಗ್‌ಗೆ ಹೋಗದೆ ನೆಲಕ್ಕೆ ಬೀಳುತ್ತೆ.